ಜಾಕೆಟ್ ಮೇಲಿನ ಬಿಳಿ ಯಾವುದು? ಕರಾವಳಿಯ ಲೆದರ್ ಜಾಕೆಟ್‌ಗೆ ಒಂದು ದೋಷ ನಿವಾರಣೆ ಕೈಪಿಡಿ

ಕಳೆದ ಆಗಸ್ಟ್‌ನಲ್ಲಿ ಒಂದು ಸಂಜೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಧಾರವಾಡದವರು. ಎಂಟು ವರ್ಷ ದಿಲ್ಲಿಯಲ್ಲಿದ್ದು, ನೌಕಾನೆಲೆಗೆ ವರ್ಗವಾಗಿ ಕಾರವಾರಕ್ಕೆ ಬಂದವರು. ಕೈಯಲ್ಲಿ ಕಪ್ಪು ಲೆದರ್ ಜಾಕೆಟ್. ಅದರ ಬೆನ್ನಿನ ಮೇಲೆಲ್ಲ ಅಕ್ಕಿ ಹಿಟ್ಟು ಚೆಲ್ಲಿದ ಹಾಗೆ ಬಿಳಿ.

"ಒಣಗೇದ ಅಂತ ಎರಡ ಸಲ ಕ್ರೀಮ್ ಹಚ್ಚೀನ್ರೀ. ಈಗ ಇನ್ನೂ ಜಾಸ್ತಿ ಆಗೇದ" ಅಂದರು.

ದಿಲ್ಲಿಯಲ್ಲಿದ್ದಿದ್ದರೆ ಅವರು ಮಾಡಿದ್ದು ಸರಿಯೇ. ಅಲ್ಲಿಯ ಬೇಸಿಗೆಯ ಒಣ ಗಾಳಿಗೆ ಲೆದರ್ ಬಿರುಸಾಗುತ್ತದೆ, ಎಣ್ಣೆ ಕೇಳುತ್ತದೆ. ಕ್ರೀಮ್ ಡಬ್ಬಿಯ ಮೇಲಿನ ಸೂಚನೆಗಳೂ ಹೆಚ್ಚಾಗಿ ಅಂಥ ಹವೆಗೇ ಬರೆದವು. ನಮ್ಮ ಕಡೆ ಹಾಗಲ್ಲ. ಭಟ್ಕಳದಿಂದ ಕಾರವಾರದ ತನಕ, ಘಟ್ಟ ಹತ್ತಿದರೆ ಶಿರಸಿಯಲ್ಲೂ, ಜಾಕೆಟ್ ಕೆಡುವುದು ತೇವದಿಂದ. ವರ್ಷದಲ್ಲಿ ಹತ್ತು ತಿಂಗಳು ಅದು ಕಪಾಟಿನಲ್ಲೇ ಇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೈಕ್ ಹತ್ತುವಾಗ ಒಂದಿಷ್ಟು ದಿನ ಹೊರಗೆ ಬರುತ್ತದೆ. ಹಾಗಾಗಿ ಹೆಚ್ಚಿನ ದೋಷಗಳು ಹುಟ್ಟುವುದು ಕಪಾಟಿನ ಒಳಗೇ.

ನಾನು ಶಿರಸಿ ಕಡೆಯ ಹಳ್ಳಿಯವನು. ಕೆಲಸಕ್ಕೆ ಕಾರವಾರಕ್ಕೆ ಬಂದು ಹದಿನೈದು ವರ್ಷ ದಾಟಿತು. 2009ರಲ್ಲಿ ಮುಂಬೈಯ ಧಾರಾವಿಯಲ್ಲಿ ಕೊಂಡ ಕಂದು ಜಾಕೆಟ್ ಇನ್ನೂ ನನ್ನ ಹತ್ತಿರ ಇದೆ. ಅದಕ್ಕೆ ಬರಬಹುದಾದ ಕಾಯಿಲೆಗಳೆಲ್ಲ ಬಂದು ಹೋಗಿವೆ. ಒಂದೊಂದನ್ನೂ ಗುರುತು ಹಿಡಿಯಲು ನನಗೆ ಮಳೆಗಾಲಗಳೇ ಬೇಕಾದವು. ನಿಮಗೆ ಅಷ್ಟು ಹೊತ್ತು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದೇ ಒಂದು ಕೋರಿಕೆ. ಏನಾಗಿದೆ ಅಂತ ಖಾತ್ರಿಯಾಗುವ ತನಕ ಜಾಕೆಟ್‌ಗೆ ಏನನ್ನೂ ಹಚ್ಚಬೇಡಿ.

ಅದು ಲೆದರೇ ಹೌದಾ?

ಇದನ್ನು ನೋಡದೆ ಮುಂದೆ ಹೋಗಬೇಡಿ. ಮದ್ದು ಪೂರ್ತಿ ಬೇರೆಯಾಗುತ್ತದೆ.

ಜೇಬಿನ ಒಳಗಡೆ ಅಥವಾ ಕೆಳಗಿನ ಮಡಿಕೆಯಲ್ಲಿ ಕತ್ತರಿಸಿದ ಅಂಚು ಎಲ್ಲಾದರೂ ಕಾಣುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡಿ. ಒಂದರೊಳಗೊಂದು ಹೆಣೆದುಕೊಂಡ ಸಣ್ಣ ಸಣ್ಣ ಎಳೆಗಳು ಕಂಡರೆ ಲೆದರ್. ಕೆಳಗೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಪದರ ಕಂಡರೆ ಅದು ರೆಕ್ಸಿನ್ ಜಾತಿ. ಅಂಗಡಿಯಲ್ಲಿ ಅದಕ್ಕೆ ಪಿಯು ಲೆದರ್ ಅಂತಲೂ ಹೇಳುತ್ತಾರೆ. ಬೆಂಕಿ ತಾಗಿಸಿ ನೋಡುವ ಪರೀಕ್ಷೆ ಬೇಡವೇ ಬೇಡ. ಅಂಚು ನೋಡಿದರೆ ಸಾಕು.

ಅಂಚಿನ ಬಣ್ಣವೂ ಒಂದು ಸುಳಿವು. ನಡುವೆ ನೀಲಿ ಬೂದು ಛಾಯೆ ಇದ್ದರೆ ಕ್ರೋಮಿಯಂ ಉಪ್ಪಿನಿಂದ ಹದ ಮಾಡಿದ ಚರ್ಮ. ಈಗಿನ ಜಾಕೆಟ್‌ಗಳು ಬಹಳಷ್ಟು ಇವೇ. ಕಂದು ಇದ್ದರೆ ಮರದ ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡಿದ್ದಿರಬಹುದು. ನಮ್ಮ ಕಾಡಿನ ಅಳಲೆಕಾಯಿ ಇದೇ ಕೆಲಸಕ್ಕೆ ಬರುತ್ತದೆ. ಆದರೆ ಒಳಗಿನ ತನಕ ಬಣ್ಣ ಇಳಿಸಿದ ಚರ್ಮದಲ್ಲಿ ಈ ಸುಳಿವು ಸಿಗುವುದಿಲ್ಲ.

ಇನ್ನು ಕಾಲರ್‌ನ ಅಡಿಭಾಗದಲ್ಲಿ ಒಂದೇ ಒಂದು ಹನಿ ನೀರು ಇಡಿ. ಒಂದು ನಿಮಿಷದೊಳಗೆ ಹೀರಿಕೊಂಡು ಆ ಜಾಗ ಕಪ್ಪಾದರೆ, ಮೇಲೆ ರಕ್ಷಣೆಯ ಬಣ್ಣದ ಪದರ ಇಲ್ಲದ ಬಿಚ್ಚು ಲೆದರ್. ಕೆಸುವಿನೆಲೆ ಮೇಲಿನ ಹನಿಯಂತೆ ಹಾಗೇ ನಿಂತರೆ ಮೇಲೆ ಪದರ ಇದೆ. ಬಿಚ್ಚು ಲೆದರ್ ಬಹಳ ಸೂಕ್ಷ್ಮ. ಮುಂದೆ ನಾನು ಸ್ಪಿರಿಟ್, ವಿನೆಗರ್ ಅಂತ ಹೇಳುವ ಕಡೆಯೆಲ್ಲ, ಬಿಚ್ಚು ಲೆದರ್ ಇದ್ದವರು ಕಾಣದ ಜಾಗದಲ್ಲಿ ಹಚ್ಚಿ, ಒಂದು ದಿನ ಬಿಟ್ಟು ನೋಡಿಯೇ ಮುಂದುವರಿಯಿರಿ.

ಬಿಳಿ ಕಂಡರೆ

ನಮ್ಮ ಕಡೆಯ ದೂರುಗಳಲ್ಲಿ ಹೆಚ್ಚಿನವು ಇದೇ. ಎಲ್ಲ ಬಿಳಿಯೂ ಬೂಷ್ಟಲ್ಲ. ನಾಲ್ಕು ಬಗೆ ಇದೆ. ನೋಡಲು ಒಂದೇ ತರ, ಮದ್ದು ಮಾತ್ರ ಒಂದಕ್ಕೊಂದು ಉಲ್ಟಾ.

ಮೊದಲು ಮೂಗಿನ ಹತ್ತಿರ ತನ್ನಿ. ಜೋರಾಗಿ ಎಳೆದುಕೊಳ್ಳಬೇಡಿ, ಸುಮ್ನೆ ಹತ್ತಿರ ಹಿಡಿಯಿರಿ. ಮುಗ್ಗಲು ವಾಸನೆ ಇದ್ದು, ಬಿಳಿ ದುಂಡು ದುಂಡು ಚುಕ್ಕೆಯಾಗಿ, ಹತ್ತಿಯ ನವಿರಿನಂತೆ ಎದ್ದಿದ್ದರೆ ಅದು ಬೂಷ್ಟು. ಕೆಲವೊಮ್ಮೆ ಹಸಿರು ಅಥವಾ ಬೂದು ಬಣ್ಣವೂ ಇರುತ್ತದೆ. ಗಾಳಿ ಆಡದ ಜಾಗ ಅದಕ್ಕೆ ಇಷ್ಟ. ಕಂಕುಳು, ಜೇಬಿನ ಮುಚ್ಚಳದ ಅಡಿ, ಕಾಲರ್‌ನ ಮಡಿಕೆ, ಇಂಥಲ್ಲಿ ಮೊದಲು ಹುಡುಕಿ.

ವಾಸನೆ ಇಲ್ಲದಿದ್ದರೆ ಒಂದು ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಒಂದು ಮೂಲೆಯಲ್ಲಿ ಒರೆಸಿ. ಬಿಳಿ ಕರಗಿ ಹೋಯಿತಾ? ಒಣಗಲು ಬಿಡಿ. ಒಣಗಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಬಂದರೆ ಅದು ಉಪ್ಪು. ಬೆವರಿನದ್ದಿರಬಹುದು, ಸಮುದ್ರದ ಗಾಳಿಯದ್ದಿರಬಹುದು, ಚರ್ಮ ಹದ ಮಾಡುವಾಗ ಒಳಗೆ ಉಳಿದದ್ದೂ ಇರಬಹುದು. ಬೆನ್ನಿನ ಮೇಲೆ ಅಲೆ ಅಲೆಯಾದ ಗೆರೆ ಕಂಡರೆ ಹೆಚ್ಚಾಗಿ ಇದೇ.

ನೀರಿಗೆ ಜಗ್ಗದಿದ್ದರೆ ಹೇರ್ ಡ್ರೈಯರ್ ತೆಗೆಯಿರಿ. ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರ ಹಿಡಿದು, ಅರ್ಧ ನಿಮಿಷ. ಬಿಳಿ ಕರಗಿ ಮಾಯವಾಗಿ ಲೆದರ್ ಹೊಳಪಾದರೆ ಅದು ಕೊಬ್ಬು. ಚರ್ಮಕ್ಕೆ ಹಾಕಿದ ಎಣ್ಣೆ, ಕ್ರೀಮುಗಳ ಗಟ್ಟಿ ಭಾಗ ಮೇಲೆ ಬಂದು ಹೆಪ್ಪುಗಟ್ಟಿದ್ದು. ಬೂಷ್ಟಾಗಲಿ ಉಪ್ಪಾಗಲಿ ಬಿಸಿಗೆ ಕರಗುವುದಿಲ್ಲ.

ಇದರದ್ದೇ ಒಂದು ತಮ್ಮ ಇದೆ, ಘಟ್ಟದ ಮೇಲಿನವರಿಗೆ ಇದು ಗೊತ್ತಿರಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ. ಕಾರವಾರದಲ್ಲಿ ಎಣ್ಣೆ ಹಚ್ಚಿದ ಜಾಕೆಟ್ ಚೆನ್ನಾಗೇ ಕಾಣುತ್ತದೆ. ಅದನ್ನೇ ಡಿಸೆಂಬರ್ ರಾತ್ರಿ ಶಿರಸಿಗೆ ಒಯ್ದರೆ ಬೆಳಗ್ಗೆ ಬಿಳಿ ಪೊರೆ. ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗುತ್ತದಲ್ಲ, ಅದೇ ಇದು. ಅಂಗೈಯನ್ನು ಒಂದು ನಿಮಿಷ ಒತ್ತಿ ಹಿಡಿದರೆ ಮಾಯವಾಗುತ್ತದೆ.

ನಾಲ್ಕನೆಯದು ಒರೆಸಿದರೂ, ಬಿಸಿ ಮಾಡಿದರೂ ಹೋಗದ ಬಿಳಿ ಗೆರೆ. ಅದು ಗೀರು ಅಥವಾ ಬಿರುಕು. ಅದರ ಮಾತು ಮುಂದೆ ಬರುತ್ತದೆ.

ಈಗ ಮದ್ದು.

ಬೂಷ್ಟಾಗಿದ್ದರೆ ಜಾಕೆಟ್ಟನ್ನು ಜಗಲಿಗೆ ತನ್ನಿ. ಕೋಣೆಯೊಳಗೆ ಝಾಡಿಸಬೇಡಿ, ಅದರ ಬೀಜಕಣಗಳು ಹಾರಿ ಬೇರೆ ಬಟ್ಟೆಗೂ ಕೂರುತ್ತವೆ. ಮೂಗಿಗೆ ಮಾಸ್ಕ್ ಇರಲಿ. ಮೆತ್ತನೆಯ ಬ್ರಷ್‌ನಿಂದ ನಿಮ್ಮಿಂದ ಹೊರಮುಖವಾಗಿ ಉಜ್ಜಿ. ಆಮೇಲೆ ಮೆಡಿಕಲ್ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ಗೆ ಅಷ್ಟೇ ನೀರು ಸೇರಿಸಿ, ಬಟ್ಟೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಹಗುರವಾಗಿ ಒರೆಸಿ. ನೆನೆಸಬಾರದು. ಸ್ಪಿರಿಟ್ ಜಾಸ್ತಿಯಾದರೆ ಬಣ್ಣವೇ ಕಿತ್ತು ಬರುತ್ತದೆ. ಹೊಲಿಗೆಯ ಸಂದಿಗೆ ಹಳೆಯ ಟೂತ್ ಬ್ರಷ್ ಒಳ್ಳೆಯದು. ಕೊನೆಗೆ ಅಗಲ ಹ್ಯಾಂಗರ್‌ಗೆ ಹಾಕಿ, ಚೈನು ಪೂರ್ತಿ ಬಿಚ್ಚಿ, ಫ್ಯಾನ್ ಕೆಳಗೆ ಎರಡು ದಿನ ಬಿಡಿ.

ಇಷ್ಟು ಮಾಡಿದ ಮೇಲೂ ಮೂರೇ ವಾರಕ್ಕೆ ಮತ್ತೆ ಬಂತು ಅಂತ ಬಹಳ ಜನ ಹೇಳುತ್ತಾರೆ. ಅವರು ಜಾಕೆಟ್ ತೊಳೆದಿರುತ್ತಾರೆ, ಕಪಾಟು ತೊಳೆದಿರುವುದಿಲ್ಲ. ಕಪಾಟಿನ ಹಲಗೆ, ಹ್ಯಾಂಗರ್, ಪಕ್ಕದಲ್ಲಿದ್ದ ಲೆದರ್ ಬೆಲ್ಟ್, ಎಲ್ಲವನ್ನೂ ಅದೇ ದಿನ ಒರೆಸಲೇಬೇಕು.

ಉಪ್ಪಾಗಿದ್ದರೆ ಬಿಳಿ ವಿನೆಗರ್ ಮತ್ತು ನೀರು ಸಮ ಸಮ ಬೆರೆಸಿ, ಹಿಂಡಿದ ಬಟ್ಟೆಯಿಂದ ಇಡೀ ಭಾಗವನ್ನು ಒರೆಸಿ. ಕಲೆಯಷ್ಟನ್ನೇ ಒರೆಸಿದರೆ ಅದರ ಸುತ್ತ ಹೊಸ ಗೆರೆ ಮೂಡುತ್ತದೆ. ಆಮೇಲೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಎರಡು ಮೂರು ಸಲ ಬೇಕಾಗಬಹುದು. ಸೋಪು, ಬಟ್ಟೆ ಪುಡಿ, ಸೋಡಾ ಯಾವುದೂ ಬೇಡ. ಹದ ಮಾಡಿದ ಚರ್ಮ ಸ್ವಲ್ಪ ಹುಳಿ ಗುಣದ್ದು. ಸೋಪು ಕ್ಷಾರ. ಅದು ಚರ್ಮದ ಹದವನ್ನೇ ಕೆಡಿಸುತ್ತದೆ.

ಕರಾವಳಿಯಲ್ಲಿ ಉಪ್ಪನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ. ಮಳೆಗಾಲದಲ್ಲಿ ಸಾಣಿಕಟ್ಟಾ ಉಪ್ಪು ಭರಣಿಯಲ್ಲೇ ನೀರು ಬಿಡುವುದನ್ನು ಎಲ್ಲರೂ ನೋಡಿದ್ದೇವೆ. ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ಗಾಳಿಯಿಂದ ನೀರು ಎಳೆಯಲು ಶುರು ಮಾಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಅದಕ್ಕಿಂತ ಕಡಿಮೆ ತೇವಾಂಶದ ದಿನ ಸಿಗುವುದೇ ಕಷ್ಟ. ಟ್ಯಾಗೋರ್ ಬೀಚ್ ಪಕ್ಕ ಬೈಕ್ ನಿಲ್ಲಿಸಿ ಒಂದು ಗಂಟೆ ಕೂತರೆ ಜಾಕೆಟ್ ಮೇಲೆ ಉಪ್ಪಿನ ತೆಳು ಪೊರೆ ಕೂತಿರುತ್ತದೆ. ಒರೆಸದೆ ಕಪಾಟಿಗೆ ಹಾಕಿದರೆ ಆ ಪೊರೆ ಮಳೆಗಾಲ ಪೂರ್ತಿ ನೀರು ಎಳೆಯುತ್ತದೆ. ಬೂಷ್ಟಿಗೆ ಬೇಕಾದದ್ದೂ ಅದೇ. ಹೀಗೆ ಒಂದು ಬಿಳಿ ಇನ್ನೊಂದು ಬಿಳಿಯನ್ನು ಕರೆದು ತರುತ್ತದೆ.

ಕೊಬ್ಬಾಗಿದ್ದರೆ ಮದ್ದು ಸುಲಭ. ಡ್ರೈಯರ್‌ನಿಂದ ಹದವಾಗಿ ಬೆಚ್ಚಗೆ ಮಾಡಿ, ಕರಗಿದ ಕೂಡಲೇ ಒಣ ಹತ್ತಿ ಬಟ್ಟೆಯಿಂದ ಒರೆಸಿ ತೆಗೆಯಿರಿ. ಕರಗಿಸಿ ಹಾಗೇ ಬಿಟ್ಟರೆ ಒಳಗೆ ಇಳಿದು, ಮುಂದಿನ ಚಳಿಗೆ ಮತ್ತೆ ಮೇಲೆ ಬರುತ್ತದೆ. ಇದಕ್ಕೆ ಇನ್ನಷ್ಟು ಎಣ್ಣೆ ಹಚ್ಚುವುದು ಅಂದರೆ ರೋಗವನ್ನೇ ಉಣ್ಣಿಸಿದ ಹಾಗೆ.

ಪಕ್ಕದ ಮನೆಯವರ ಜಾಕೆಟ್‌ನಲ್ಲಿ ಎರಡೂ ಇತ್ತು. ಬೆನ್ನಿನ ಮೇಲಿನದು ಕ್ರೀಮಿನ ಕೊಬ್ಬು, ಕಂಕುಳಲ್ಲಿ ಬೂಷ್ಟು. ಎರಡು ಸಲ ದಪ್ಪಗೆ ಹಚ್ಚಿದ ಕ್ರೀಮ್ ಬೂಷ್ಟಿಗೂ ಊಟವಾಗಿತ್ತು. ನಮ್ಮ ಆಯಿ ಇದನ್ನು ಬೇರೆ ಮಾತಲ್ಲಿ ಹೇಳುತ್ತಿದ್ದರು. "ತಮಾ, ಉಪ್ಪಿನಕಾಯಿ ಮೇಲೆ ಎಣ್ಣೆ ನಿಂತಿದ್ರೂ ಒದ್ದೆ ಚಮಚ ತಾಗಿದ್ರೆ ಬೂಷ್ಟು ಬತ್ತು." ಎಣ್ಣೆ ಇದೆ ಅಂತ ತೇವವನ್ನು ಮರೆಯುವ ಹಾಗಿಲ್ಲ, ಅಲ್ವಾ?

ಬೂಷ್ಟು ಹೋಯಿತು, ವಾಸನೆ ಹೋಗಲಿಲ್ಲ

ಹಾಗಿದ್ದರೆ ವಾಸನೆ ಲೆದರಿನದಲ್ಲ, ಒಳಬಟ್ಟೆಯದ್ದು. ಜಾಕೆಟ್ಟನ್ನು ಒಳಗಿನದು ಹೊರಗೆ ಮಾಡಿ ತಿರುಗಿಸಿ. ಕಂಕುಳ ಹತ್ತಿರದ ಬಟ್ಟೆ, ಜೇಬಿನ ಚೀಲದ ತಳ, ಇಲ್ಲಿ ಮೂಸಿ ನೋಡಿ. ಸ್ಪಿರಿಟ್ ನೀರಿನಿಂದ ಒಳಬಟ್ಟೆಯನ್ನು ಮಾತ್ರ ಒರೆಸಿ, ತಿರುಗಿಸಿದ ಸ್ಥಿತಿಯಲ್ಲೇ ಗಾಳಿಗೆ ಒಣಗಿಸಿ. ಬಿಸಿಲು ಬಂದ ದಿನ ಒಳಬಟ್ಟೆಗೆ ಎಳೆ ಬಿಸಿಲು ಅರ್ಧ ಗಂಟೆ ತಾಗಲಿ. ಅಡುಗೆ ಸೋಡಾವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಜೇಬಿನಲ್ಲಿ ಎರಡು ದಿನ ಇಟ್ಟರೂ ವಾಸನೆ ಕಡಿಮೆಯಾಗುತ್ತದೆ. ಪುಡಿ ಲೆದರ್‌ಗೆ ತಾಗಬಾರದು, ಅಷ್ಟೆ. ಅತ್ತರು, ಸೆಂಟು ಹೊಡೆಯಬೇಡಿ.

ವಾಸನೆ ಮುಗ್ಗಲಿನ ತರ ಇರದೆ, ಹಳೆಯ ಕರಿದ ಎಣ್ಣೆಯ ತರ ಇದ್ದರೆ ಅದು ಹಚ್ಚಿದ ಎಣ್ಣೆಯೇ ಕೆಟ್ಟಿದ್ದು. ಶೇಂಗಾ ಎಣ್ಣೆ, ಎಳ್ಳೆಣ್ಣೆ ಹಚ್ಚಿದ ಜಾಕೆಟ್‌ಗಳಲ್ಲಿ ಇದನ್ನು ನೋಡಿದ್ದೇನೆ. ಅದನ್ನು ಪೂರ್ತಿ ತೆಗೆಯುವ ದಾರಿ ಮನೆಯಲ್ಲಿ ಇಲ್ಲ.

ನೆನೆದ ಮೇಲೆ ಗಡುಸಾಯಿತು

2013ರ ಜೂನ್‌ನಲ್ಲಿ ಶಿರಸಿಯಿಂದ ಕುಮಟಾಕ್ಕೆ ಬೈಕಿನಲ್ಲಿ ಇಳಿಯುತ್ತಿದ್ದೆ. ದೇವಿಮನೆ ಘಟ್ಟದಲ್ಲಿ ಮಳೆ ಹಿಡಿಯಿತು. ನಿಲ್ಲಲು ಜಾಗವಿಲ್ಲ. ಕಾರವಾರ ಮುಟ್ಟುವಾಗ ಜಾಕೆಟ್‌ನಿಂದ ನೀರು ಸುರಿಯುತ್ತಿತ್ತು. ಮರುದಿನ ಬೇಕಿತ್ತು ಅಂತ ರಾತ್ರಿ ಬಚ್ಚಲ ಒಲೆಯ ಮುಂದೆ ನೇತು ಹಾಕಿದೆ. ಬೆಳಗ್ಗೆ ಬಲತೋಳು ಹಲಗೆಯ ಹಾಗೆ ಆಗಿತ್ತು. ಒಲೆಯ ಕಡೆ ಇದ್ದ ತೋಳು ಅದು. ಎಡತೋಳಿಗಿಂತ ಒಂದು ಬೆರಳು ಗಿಡ್ಡ. ಇವತ್ತಿಗೂ ಗಿಡ್ಡವೇ.

ಯಾಕೆ ಹೀಗಾಗುತ್ತದೆ ಅಂತ ತಿಳಿದರೆ ನೀವು ಆ ತಪ್ಪು ಮಾಡುವುದಿಲ್ಲ. ಚರ್ಮ ಅಂದರೆ ಕೊಲಾಜನ್ ಎಂಬ ಎಳೆಗಳ ಹೆಣಿಗೆ. ಹದ ಮಾಡುವಾಗ ಆ ಎಳೆಗಳ ನಡುವೆ ಎಣ್ಣೆ ತುಂಬಿರುತ್ತಾರೆ. ಎಳೆಗಳು ಒಂದರ ಮೇಲೊಂದು ಜಾರುವುದಕ್ಕೆ ಆ ಎಣ್ಣೆ ಬೇಕು. ನೆನೆದಾಗ ನಡುವೆ ನೀರು ಸೇರುತ್ತದೆ. ನೀರು ಬೇಗ ಆರಿದರೆ ಎಳೆಗಳು ಒಂದಕ್ಕೊಂದು ಅಂಟಿ ಕೂರುತ್ತವೆ. ಒದ್ದೆ ಇದ್ದಾಗಲೇ ಜೋರು ಬಿಸಿ ತಾಗಿದರೆ ಎಳೆ ಮುದುಡಿಯೂ ಬಿಡುತ್ತದೆ. ಒಣ ಲೆದರ್ ತಾಳುವ ಬಿಸಿಯನ್ನು ಒದ್ದೆ ಲೆದರ್ ತಾಳುವುದಿಲ್ಲ.

ಹಾಗಾಗಿ ನೆನೆದ ಜಾಕೆಟ್ ಒಣಗಿಸುವಾಗ ಅವಸರ ಬೇಡ. ಜೇಬು ಖಾಲಿ ಮಾಡಿ. ಒಣ ಟವೆಲ್ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ, ಹಿಂಡಬೇಡಿ. ಭುಜದ ಅಗಲದ ಹ್ಯಾಂಗರ್ ಇಲ್ಲದಿದ್ದರೆ ಮಾಮೂಲಿ ಹ್ಯಾಂಗರ್‌ಗೆ ಟವೆಲ್ ಸುತ್ತಿ ದಪ್ಪ ಮಾಡಿ. ಫ್ಯಾನ್ ಗಾಳಿ, ನೆರಳು. ಬೇಸಿಗೆಯಲ್ಲಿ ಒಂದೂವರೆ ದಿನ ಸಾಕು. ಜುಲೈ ತಿಂಗಳಲ್ಲಿ ಮೂರು ನಾಲ್ಕು ದಿನ ಹಿಡಿಯುತ್ತದೆ. ಮುಟ್ಟಿದಾಗ ಇನ್ನೂ ತಣ್ಣಗೆ ಅನಿಸುತ್ತಿದ್ದರೆ ಒಳಗೆ ನೀರಿದೆ ಅಂತಲೇ ಅರ್ಥ.

ಮುಕ್ಕಾಲು ಪಾಲು ಒಣಗಿ, ಇನ್ನೂ ಸ್ವಲ್ಪ ತೇವ ಇರುವಾಗ ಲೆದರ್ ಕಂಡೀಷನರ್, ಅಂದರೆ ಚರ್ಮಕ್ಕೆ ಎಣ್ಣೆ ಮತ್ತೆ ತುಂಬಿಸುವ ಕ್ರೀಮ್, ಹಚ್ಚಬೇಕು. ಇದೊಂದು ಹೊತ್ತಿನಲ್ಲಿ ಎಣ್ಣೆ ನಿಜವಾಗಿ ಕೆಲಸ ಮಾಡುತ್ತದೆ. ಇಡೀ ಜಾಕೆಟ್‌ಗೆ ಒಂದೆರಡು ಚಹಾ ಚಮಚದಷ್ಟೇ. ಮೊದಲು ಬಟ್ಟೆಗೆ ಹಾಕಿ, ಆಮೇಲೆ ಜಾಕೆಟ್‌ಗೆ. ಹಚ್ಚಿದ ಮೇಲೆ ಮೊಣಕೈ, ಭುಜಗಳನ್ನು ಕೈಯಲ್ಲಿ ಮಡಚಿ ಬಿಡಿಸಿ, ಮಡಚಿ ಬಿಡಿಸಿ ಮಾಡಿ. ಅಂಟಿಕೊಂಡ ಎಳೆಗಳು ಬಿಡುತ್ತವೆ. ಆಗಲೇ ಗಡುಸಾಗಿದ್ದರೆ ಒದ್ದೆ ಬಟ್ಟೆಯಿಂದ ಲಘುವಾಗಿ ತೇವ ಮಾಡಿಕೊಂಡು ಇದನ್ನೇ ಎರಡು ಮೂರು ಸಲ ಮಾಡಬಹುದು. ಮೆತ್ತಗಾಗುತ್ತದೆ. ಗಿಡ್ಡವಾದದ್ದು ಮಾತ್ರ ಉದ್ದವಾಗುವುದಿಲ್ಲ.

ಮಳೆಗೆ ಸಿಗದೆಯೂ ಗಡುಸಾಗುವುದುಂಟು. ಒಂದು ಸಲ ದೊಡ್ಡ ಊರಿನ ಅಂಗಡಿಯೊಂದಕ್ಕೆ ಜಾಕೆಟ್ ಕೊಟ್ಟೆ. ರೇಷ್ಮೆ ಸೀರೆಗೆ ಮಾಡುವ ಡ್ರೈ ಕ್ಲೀನಿಂಗನ್ನೇ ಮಾಡಿ ಕೊಟ್ಟರು. ಆ ದ್ರಾವಣ ಕೊಳೆಯ ಎಣ್ಣೆಯ ಜೊತೆಗೆ ಚರ್ಮದ ಒಳಗಿನ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ. ಮನೆಗೆ ತಂದಾಗ ಜಾಕೆಟ್ ಕಾಗದದಂತೆ ಸದ್ದು ಮಾಡುತ್ತಿತ್ತು. ಕೊಡುವ ಮುಂಚೆ ಕೇಳಿ, ಲೆದರ್ ತೊಳೆದ ಮೇಲೆ ಎಣ್ಣೆ ಮತ್ತೆ ತುಂಬಿಸುತ್ತೀರಾ ಅಂತ. ಉತ್ತರ ತಡವರಿಸಿದರೆ ವಾಪಸ್ ತನ್ನಿ.

ಅಂಟು ಅಂಟು, ಸಿಪ್ಪೆ ಏಳುವುದು

ರೆಕ್ಸಿನ್ ಜಾತಿಯದ್ದಾಗಿದ್ದರೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಗಾಳಿಯ ತೇವವೇ ಪಿಯು ಪದರವನ್ನು ನಿಧಾನಕ್ಕೆ ಒಡೆಯುತ್ತದೆ. ಬಳಸಿದರೂ ಒಡೆಯುತ್ತದೆ, ಕಪಾಟಿನಲ್ಲಿ ಜೋಪಾನವಾಗಿಟ್ಟರೂ ಒಡೆಯುತ್ತದೆ. ಮೊದಲು ಜಿಗುಟು, ಆಮೇಲೆ ಚಕ್ಕೆ ಚಕ್ಕೆ. ಹಿಂದಕ್ಕೆ ತರುವ ಮದ್ದು ಇಲ್ಲ. ಕಂಡೀಷನರ್‌ಗೆ ದುಡ್ಡು ಹಾಕಬೇಡಿ, ಪ್ಲಾಸ್ಟಿಕ್ ಅದನ್ನು ಕುಡಿಯುವುದಿಲ್ಲ. ಈ ಕರಾವಳಿಯಲ್ಲಿ ಬಹಳ ವರ್ಷ ಬಾಳಲಿ ಅಂತ ಪಿಯು ಜಾಕೆಟ್ ಕೊಳ್ಳುವುದೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ನಿಜ ಲೆದರ್ ಅಂಟಾಗಿದ್ದರೆ ಎಲ್ಲಿ ಅಂಟು ನೋಡಿ. ಬರೀ ಕಾಲರ್, ಮುಂಗೈ ಪಟ್ಟಿ ಅಂದರೆ ತಲೆಯ ಎಣ್ಣೆ, ಬೆವರು. ನಮ್ಮಲ್ಲಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚದವರು ಕಡಿಮೆ. ಹೆಲ್ಮೆಟ್ ಕೆಳಗಿಂದ ಬೆವರಿನ ಜೊತೆ ಅದೂ ಇಳಿಯುತ್ತದೆ. ವರ್ಷಗಟ್ಟಲೆ ಇಳಿದರೆ ಬಣ್ಣದ ಪದರ ಮೆತ್ತಗಾಗಿ ಉಜ್ಜಿದಲ್ಲಿ ಕಿತ್ತು ಬರುತ್ತದೆ. ಲೆದರ್ ಕ್ಲೀನರ್ ಅನ್ನು ಸ್ಪಂಜಿನಲ್ಲಿ ನೊರೆ ಮಾಡಿ, ನೊರೆಯಿಂದಷ್ಟೇ ಒರೆಸಿ. ಸವಾರಿಗೆ ಹೋಗುವಾಗ ಕುತ್ತಿಗೆಗೆ ಒಂದು ಹತ್ತಿ ಕರವಸ್ತ್ರ ಸುತ್ತಿಕೊಳ್ಳಿ. ನನ್ನ ಜಾಕೆಟ್‌ನ ಕಾಲರ್ ಇಷ್ಟು ವರ್ಷ ಉಳಿದದ್ದು ಅದರಿಂದ. ಮೈಯೆಲ್ಲ ಅಂಟು ಅಂದರೆ ಕ್ರೀಮ್ ಹೆಚ್ಚಾಗಿದೆ, ಒಣ ಬಟ್ಟೆಯಿಂದ ಒರೆಸುತ್ತಾ ಹೋಗಿ.

ಬಿರುಕು

ಬೆರಳಿನಿಂದ ಒತ್ತಿ ಅಗಲಿಸಿ ನೋಡಿ. ಮೇಲಿನ ಬಣ್ಣ ಮಾತ್ರ ಒಡೆದಿದ್ದರೆ ಸಣ್ಣ ಬಲೆಯ ಹಾಗೆ ಕಾಣುತ್ತದೆ, ಉಗುರು ಸಿಕ್ಕುವುದಿಲ್ಲ. ತೆಳುವಾಗಿ ಕಂಡೀಷನರ್, ಬೇಕಿದ್ದರೆ ಅದೇ ಬಣ್ಣದ ಲೆದರ್ ಬಣ್ಣ ಸಾಕು. ಉಗುರು ಸಿಕ್ಕಿ ಒಳಗೆ ನಾರಿನಂಥ ಎಳೆ ಕಂಡರೆ ಚರ್ಮವೇ ತುಂಡಾಗಿದೆ. ಅದು ಮತ್ತೆ ಕೂಡುವುದಿಲ್ಲ. ಒಳಗಿನಿಂದ ಬಟ್ಟೆಯ ತೇಪೆ ಅಂಟಿಸಿದರೆ ಮುಂದೆ ಹರಿಯದೆ ನಿಲ್ಲುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಸೀಟಿನ ಮೇಲೆ ಜಾಕೆಟ್ ಹರವಿ ಹೋಗುವ ಅಭ್ಯಾಸ ಇದ್ದವರಿಗೆ ಈ ದೋಷ ಬೇಗ ಬರುತ್ತದೆ.

ಬೂಟ್ ಪಾಲಿಶ್ ಹಚ್ಚಿ ಬಿರುಕು ಮುಚ್ಚಬೇಡಿ. ಅದರ ಬಣ್ಣ ನಿಮ್ಮ ಅಂಗಿಗೂ, ಹಿಂದೆ ಕೂತವರ ಬಟ್ಟೆಗೂ ಹತ್ತುತ್ತದೆ.

ಕಪ್ಪು ಕಲೆ, ಹಸಿರು ಕೊಳೆ, ಹಟ ಮಾಡುವ ಚೈನು

ಹಸಿ ಅಡಿಕೆ ಸುಲಿದವರ ಕೈ ಕಪ್ಪಾಗುವುದು ಶಿರಸಿ ಕಡೆ ಮಕ್ಕಳಿಗೂ ಗೊತ್ತು. ಅಡಿಕೆಯ ಒಗರು ಕತ್ತಿಯ ಕಬ್ಬಿಣಕ್ಕೆ ತಾಗಿ ಕಪ್ಪಾಗುತ್ತದೆ. ಒಗರಿನಿಂದ ಹದ ಮಾಡಿದ ಲೆದರ್‌ಗೆ ತುಕ್ಕು ತಾಗಿದರೂ ಅದೇ ಆಗುತ್ತದೆ. ಕಬ್ಬಿಣದ ತಂತಿ ಹ್ಯಾಂಗರ್ ಬಳಸಬೇಡಿ. ಭುಜದ ಮೇಲೆ ಆದ ಆ ಕಪ್ಪು ಗೆರೆ ಮನೆ ಮದ್ದಿಗೆ ಹೋಗುವುದಿಲ್ಲ.

ಹಿತ್ತಾಳೆ ಗುಂಡಿ, ಚೈನಿನ ಸುತ್ತ ಹಸಿರು ಮೇಣದಂಥದ್ದು ಕೂತಿದ್ದರೆ ಅದು ಬೂಷ್ಟಲ್ಲ. ಹಿತ್ತಾಳೆಯ ತಾಮ್ರ ಲೆದರಿನ ಎಣ್ಣೆಯ ಜೊತೆ ಸೇರಿ ಆದದ್ದು. ಹಲ್ಲುಕಡ್ಡಿಯಿಂದ ಕೆರೆದು, ಒಣ ಬಟ್ಟೆಯಿಂದ ಒರೆಸಿ.

ಚೈನು ಎಳೆಯಲು ಬಾರದಿದ್ದರೆ ಬಲ ಹಾಕಬೇಡಿ. ಸಮುದ್ರದ ಗಾಳಿಯ ಉಪ್ಪು ಹಲ್ಲುಗಳಲ್ಲಿ ಕೂತಿರುತ್ತದೆ. ಒದ್ದೆ ಟೂತ್ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಜೇನುಮೇಣ ಅಥವಾ ಮೇಣದ ಬತ್ತಿ ಎಳೆಯಿರಿ. ತೆಂಗಿನ ಎಣ್ಣೆ ಬಿಟ್ಟರೆ ಅದು ಧೂಳು ಹಿಡಿದು ಒಂದೇ ತಿಂಗಳಲ್ಲಿ ಮೊದಲಿಗಿಂತ ಗಟ್ಟಿ. ಚೈನು ಹಾಕಿದ ಮೇಲೆ ಹಿಂದಿನಿಂದ ಬಿಚ್ಚಿಕೊಳ್ಳುತ್ತಿದ್ದರೆ ಎಳೆಯುವ ಗುಂಡು ಸಡಿಲವಾಗಿದೆ. ಅದರ ಎರಡೂ ಪಕ್ಕವನ್ನು ಇಕ್ಕಳದಿಂದ ಕೂದಲೆಳೆಯಷ್ಟು ಒತ್ತಿ, ನೋಡಿ, ಬೇಕಿದ್ದರೆ ಮತ್ತೆ ಒತ್ತಿ. ಒಂದೇ ಸಲ ಜೋರಾಗಿ ಒತ್ತಿದರೆ ಮುರಿಯುತ್ತದೆ.

ದೋಷ ಇರುವುದು ಕಪಾಟಿನಲ್ಲಿ

ಎಲ್ಲ ಸರಿ ಮಾಡಿಯೂ ಪ್ರತಿ ವರ್ಷ ಅದೇ ಕಾಯಿಲೆ ಬರುತ್ತಿದ್ದರೆ ಜಾಕೆಟ್ ಬಿಟ್ಟು ಕಪಾಟನ್ನು ಪರೀಕ್ಷಿಸಿ. ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರ್ 500 ರೂಪಾಯಿಯೊಳಗೆ ಸಿಗುತ್ತದೆ. ನಾನು ಅದನ್ನು ಮೊದಲ ಸಲ ಕಪಾಟಿನೊಳಗೆ ಇಟ್ಟಾಗ ಜುಲೈ ತಿಂಗಳು. ಶೇಕಡಾ 88 ತೋರಿಸಿತು. ಶೇಕಡಾ 70ರ ಮೇಲೆ ಹೋದರೆ ಬೂಷ್ಟಿಗೆ ಹಬ್ಬ. 50ರಿಂದ 60 ಇದ್ದರೆ ಲೆದರ್‌ಗೆ ನೆಮ್ಮದಿ.

ಕಪಾಟು ಯಾವ ಗೋಡೆಗೆ ತಾಗಿದೆ? ನನ್ನದು ಪಶ್ಚಿಮದ ಹೊರಗೋಡೆಗೆ ತಾಗಿತ್ತು. ಚಿರೇಕಲ್ಲಿನ ಗೋಡೆ. ಸಮುದ್ರದ ಕಡೆಯಿಂದ ಹೊಡೆಯುವ ಮಳೆಗೆ ಚಿರೇಕಲ್ಲು ನೀರು ಕುಡಿದು ನಾಲ್ಕು ತಿಂಗಳು ಹಾಗೇ ಇರುತ್ತದೆ. ಕಪಾಟನ್ನು ಒಳಗೋಡೆಗೆ ಸರಿಸಿದೆ, ಹಿಂದೆ ನಾಲ್ಕು ಬೆರಳು ಜಾಗ ಬಿಟ್ಟೆ. ಅಷ್ಟಕ್ಕೇ ಮೀಟರ್ 79ಕ್ಕೆ ಇಳಿಯಿತು. ಉಳಿದದ್ದಕ್ಕೆ ಬೇರೆ ಉಪಾಯ ಬೇಕಾಯಿತು.

ಕೆಲವು ಮನೆಗಳಲ್ಲಿ ಕಪಾಟಿನ ತಳದಲ್ಲಿ ಹಳೆಯ ಕಾಲದ 15 ವ್ಯಾಟ್ ಬಲ್ಬ್ ಉರಿಸುತ್ತಾರೆ. ಅದರ ಬಿಸಿಗೆ ತೇವ ಇಳಿಯುವುದು ನಿಜ. ಎಲ್‌ಇಡಿ ಬಲ್ಬಿನಲ್ಲಿ ಅಷ್ಟು ಬಿಸಿಯಿಲ್ಲ, ಪ್ರಯೋಜನವಿಲ್ಲ. ಆದರೆ ಬಟ್ಟೆ ಬಲ್ಬಿಗೆ ತಾಗಿದರೆ ಅಪಾಯ. ಮನೆಯಲ್ಲಿ ಯಾರೂ ಇಲ್ಲದಾಗ ಉರಿಸಲೇಬೇಡಿ.

ಬೂಟಿನ ಡಬ್ಬಿಯಲ್ಲಿ ಬರುವ, ತೇವ ಹೀರುವ ಸಣ್ಣ ಸಿಲಿಕಾ ಪೊಟ್ಟಣಗಳು ದೊಡ್ಡ ಕಪಾಟಿಗೆ ಯಾತಕ್ಕೂ ಸಾಲುವುದಿಲ್ಲ. ನಾನು ಮಾಡುವುದು ಹೀಗೆ. ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ. ತಳದಲ್ಲಿ ಅರ್ಧ ಕಿಲೋ ಸಿಲಿಕಾ ಜೆಲ್, ಬಟ್ಟೆ ಚೀಲದಲ್ಲಿ. ಅದರ ಮೇಲೆ ಹತ್ತಿ ಪಂಚೆಯಲ್ಲಿ ಸಡಿಲವಾಗಿ ಸುತ್ತಿದ ಜಾಕೆಟ್, ಜೊತೆಗೆ ಮೀಟರ್. ಕಿತ್ತಳೆ ಬಣ್ಣದ ಕಾಳು ಕೊಳ್ಳಿ. ನೀರು ಕುಡಿದಾಗ ಅದು ಹಸಿರಾಗುತ್ತದೆ. ಓವನ್‌ನಲ್ಲಿ 110ರಿಂದ 120 ಡಿಗ್ರಿಗೆ ಎರಡು ತಾಸು ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ನೀಲಿ ಕಾಳಿನಲ್ಲಿ ಕೋಬಾಲ್ಟ್ ಇರುತ್ತದೆ. ಅಡುಗೆ ಮನೆಗೆ ಅದನ್ನು ತರಬೇಡಿ.

ಅಂಗಡಿಯಲ್ಲಿ ನೇತು ಹಾಕುವ ತೇವ ಹೀರುವ ಚೀಲಗಳೂ ಸಿಗುತ್ತವೆ. ಕ್ಯಾಲ್ಸಿಯಂ ಕ್ಲೋರೈಡ್ ಅದರೊಳಗಿನ ವಸ್ತು. ತೇವ ಚೆನ್ನಾಗಿ ಎಳೆಯುತ್ತವೆ. ಆದರೆ ಕೆಳಗೆ ಸೇರುವ ನೀರು ಲೆದರ್ ಮೇಲೆ ಚೆಲ್ಲಿದರೆ ಆ ಜಾಗ ಸುಟ್ಟ ಹಾಗೆ ಮುದುಡುತ್ತದೆ. ಜಾಕೆಟ್ ಪಕ್ಕ ನೇತು ಹಾಕಬೇಡಿ. ತಳದಲ್ಲಿ ಇಡುವ ಡಬ್ಬಿಯೇ ಒಳ್ಳೆಯದು.

ಪೆಟ್ಟಿಗೆಗೆ ಹಾಕುವ ದಿನ ಮುಖ್ಯ. ನಾನು ಮೇ ಎರಡನೇ ವಾರ ಹಾಕುತ್ತೇನೆ. ಅದಕ್ಕಿಂತ ಮುಂಚೆ ಉಪ್ಪು ಒರೆಸಿ, ಎರಡು ದಿನ ಫ್ಯಾನ್ ಕೆಳಗೆ ಇಟ್ಟಿರುತ್ತೇನೆ. ಮೊದಲ ಮಳೆ ಬಿದ್ದ ಮೇಲೆ ಮುಚ್ಚಿದರೆ ತೇವವನ್ನೂ ಒಳಗೇ ಮುಚ್ಚಿದ ಹಾಗೆ. ಆ ದಿನ ಕಂಡೀಷನರ್ ಹಚ್ಚುವುದಿಲ್ಲ. ಅದು ದೀಪಾವಳಿ ಆದ ಮೇಲೆ, ವರ್ಷಕ್ಕೆ ಒಂದೇ ಸಲ.

ಪಕ್ಕದ ಮನೆಯವರೂ ಈ ಮೇ ತಿಂಗಳಲ್ಲಿ ಒಂದು ಪೆಟ್ಟಿಗೆ ತಂದರು. ಜುಲೈ ಕೊನೆಯಲ್ಲಿ ಇಬ್ಬರೂ ಸೇರಿ ಮುಚ್ಚಳ ತೆಗೆದು ನೋಡಿದೆವು. ಮೀಟರ್‌ನಲ್ಲಿ 57. ಜಾಕೆಟ್ ಕಪ್ಪಗೇ ಇತ್ತು. ಬಲಗಡೆ ಜೇಬಿನ ಮುಚ್ಚಳದ ಅಡಿ ಉಗುರಿನಷ್ಟು ಬಿಳಿ ಕಂಡಿತು. ಅವರು ತಾವೇ ಮೂಸಿದರು, ಒದ್ದೆ ಬಟ್ಟೆ ತಾಗಿಸಿ ನೋಡಿದರು, ಮನೆಗೆ ಹೋಗಿ ಡ್ರೈಯರ್ ತಂದರು. ಬಿಳಿ ಕರಗಿತು. ಹಳೆಯ ಕ್ರೀಮು. ಒಣ ಬಟ್ಟೆಯಿಂದ ಒರೆಸಿ, ಕಾಳು ಹಸಿರಾಗಿಲ್ಲ ಅಂತ ನೋಡಿಕೊಂಡು, ಮುಚ್ಚಳ ಹಾಕಿದೆವು.